ಪರ್ವದ ದಿನ ಬಿಟ್ಟ ಗಂಡುಹಕ್ಕಿ

ಹಕ್ಕಿ ಮಾರುವವನು ಜೋಡಿಗೆ ಆರುನೂರು ಹೇಳಿದ. ನಾನೂರಾ ಐವತ್ತಕ್ಕೆ ತಂದೆ. ಪಂಜರಕ್ಕೆ ಬೇರೆ ಎಂಟುನೂರು. ಅದರಲ್ಲಿ ಅವನು ಒಂದು ರೂಪಾಯಿಯನ್ನೂ ಇಳಿಸಲಿಲ್ಲ, ನಾನೂ ಹೆಚ್ಚು ಹಟ ಹಿಡಿಯಲಿಲ್ಲ. ಸರಳುಗಳ ಸಂದಿನಲ್ಲಿ ನನ್ನ ಕಿರುಬೆರಳೂ ತೂರುತ್ತಿರಲಿಲ್ಲ, ಬಾಗಿಲಿನ ಕೊಂಡಿ ಗಟ್ಟಿಯಿತ್ತು, ತಳದ ತಟ್ಟೆಯನ್ನು ಎಳೆದು ತೊಳೆಯಲು ಬರುತ್ತಿತ್ತು. ಒಳ್ಳೆಯ ಮಾಲಿಗೆ ವಿಪರೀತ ಜಗ್ಗಾಡಿದರೆ ಅಂಗಡಿಯವನು ಅದನ್ನು ಒಳಗಿಟ್ಟು ಹಗುರ ಮಾಲನ್ನು ತಂದು ತೋರಿಸುತ್ತಾನೆ. ನಾನೂ ಅಂಗಡಿಯವಳೇ, ನಾನೂ ಹಾಗೇ ಮಾಡುತ್ತೇನೆ.

ಹಕ್ಕಿ ಸಾಕುವ ಹುಚ್ಚು ನನಗೆ ಇರಲಿಲ್ಲ. ಕೊಂಡದ್ದು ವ್ಯಾಪಾರಕ್ಕಾಗಿ. ಬೆಳಗಾವಿಯ ಹಿಂದವಾಡಿಯಲ್ಲಿ ಮೇಲೆ ನಮ್ಮ ಮನೆ, ಕೆಳಗೆ ನನ್ನ ಬಟ್ಟೆ ಅಂಗಡಿ: ಸೀರೆ, ಬ್ಲೌಸ್ ಪೀಸು, ಪರಕರ, ನೈಟಿ. ಮದುವೆಯಾಗಿ ಬಂದಾಗ ಇದೇನೂ ಇರಲಿಲ್ಲ. ಬಟ್ಟೆಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಖಾನಾಪುರದ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗಿ, ಕಟ್ಟೆಯಿಂದ ಕಟ್ಟೆಗೆ ಕುಳಿತು ಮಾರಿದವಳು ನಾನು. ಆಗ ಕಲಿತದ್ದು ಒಂದೇ ಪಾಠ. ಹೆಣ್ಣುಮಗಳು ಎಷ್ಟು ಹೊತ್ತು ಕೂಡುತ್ತಾಳೋ ಅಷ್ಟು ಕೊಳ್ಳುತ್ತಾಳೆ. ಅವಳನ್ನು ಕೂಡಗೊಡದಿರುವುದು ಸೆರಗು ಜಗ್ಗುವ ಮಗು. ಮಗುವಿಗೆ ನೋಡಲು ಏನಾದರೂ ಇದ್ದರೆ ತಾಯಿ ಇನ್ನೆರಡು ಸೀರೆ ಬಿಚ್ಚಿಸುತ್ತಾಳೆ. ಇಷ್ಟೇ ನನ್ನ ಲೆಕ್ಕ.

ಮಾರುವವನು ಚತುರ. "ವೈನಿ, ಲವ್ ಬರ್ಡ್ಸ್ ಅದಾವ್ರಿ. ಒಂದನ್ನ ಬಿಟ್ಟ ಒಂದ ಇರಂಗಿಲ್ಲ. ಜೋಡೀನ ಒಯ್ಯಬೇಕ್ರಿ," ಅಂದ.

"ನಾನೂ ಸೀರಿ ಬ್ಲೌಸ್ ಬಿಟ್ಟ ಇರಂಗಿಲ್ಲ ಅಂತನ ಮಾರತೇನಿ ತಮ್ಮಾ. ರೇಟ್ ಹೇಳ," ಅಂದೆ.

ನಮ್ಮ ಕಡೆ ಎಲ್ಲರೂ ಲವ್ ಬರ್ಡ್ಸ್ ಅನ್ನುತ್ತಾರೆ. ಅವುಗಳ ಖರೇ ಹೆಸರು ಬಡ್ಜಿ. ಪರದೇಶದಿಂದ ಬಂದ ಮುಷ್ಟಿಗಾತ್ರದ ಗಿಳಿ ಅನ್ನಿ. ಗಂಡು ಆಕಾಶದ ಬಣ್ಣದ್ದು, ಹೆಣ್ಣು ಹಳದಿ. ಕೊಕ್ಕಿನ ಮೇಲಿನ ಉಬ್ಬು ನೀಲಿಯಾಗಿದ್ದರೆ ಗಂಡು, ಕಂದಾಗಿದ್ದರೆ ಹೆಣ್ಣು ಎಂದು ಮೊದಲೇ ವಿಚಾರಿಸಿಕೊಂಡು ಹೋಗಿದ್ದೆ. ಇಲ್ಲದಿದ್ದರೆ ಎರಡು ಗಂಡು ಕೊಟ್ಟು ಜೋಡಿ ಅಂತ ಕಳಿಸುವವರೂ ಇದ್ದಾರೆ.

ಪಂಜರ ಹೊಸ್ತಿಲು ದಾಟುತ್ತಲೇ ಅತ್ತೆ ಮೆಟ್ಟಿಲಿಳಿದು ಬಂದರು.

"ಏನ ತಂದಿ ಬೇ?"

"ಹಕ್ಕಿರೀ ಅತ್ತಿ. ಗಿರಾಕಿ ಹುಡುಗೂರಿಗೆ ನೋಡಾಕ."

"ಮುಂಜಾನೆ ಎದ್ದು ಬಸದಿಗೆ ಹೋಗೂದು, ಎಲ್ಲಾ ಜೀವಕ್ಕ ಒಳ್ಳೇದಾಗಲಿ ಅನ್ನೂದು, ಬಂದು ಎರಡ ಜೀವಕ್ಕ ಕೊಂಡಿ ಹಾಕೂದು. ಭಾಳ ಶ್ಯಾಣ್ಯಾಕಿ ಅದಿ."

ನಾವು ಜೈನರು. ನಾನು ಅಷ್ಟು ಕಟ್ಟುನಿಟ್ಟಿನವಳಲ್ಲ, ಅಂಗಡಿ ಮುಚ್ಚುವ ಹೊತ್ತಿಗೆ ಹಸಿವಾದರೆ ಉಂಡುಬಿಡುತ್ತೇನೆ. ಅತ್ತೆ ಹಾಗಲ್ಲ. ಸೂರ್ಯ ಮುಳುಗಿದ ಮೇಲೆ ಹನಿ ನೀರೂ ಇಲ್ಲ. ಗಡ್ಡೆ ಗೆಣಸು ಅಡುಗೆಮನೆಗೆ ಬರುವಂತಿಲ್ಲ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಗಾಳಿಸಲೇಬೇಕು. ಅವರು ಒಂದೆರಡು ದಿನ ಪಂಜರದ ಕಡೆಗೆ ಬೆನ್ನು ಮಾಡಿ ಓಡಾಡಿದರು. ಮೂರನೆಯ ದಿನವೋ ನಾಲ್ಕನೆಯ ದಿನವೋ ನಾನು ಹಕ್ಕಿಗಳ ಬಟ್ಟಲಿಗೆ ನಲ್ಲಿಯ ನೀರು ಹಾಕುವುದನ್ನು ನೋಡಿ, "ಕೊಡ ಇಲ್ಲೆ," ಅಂದು ಕಸಿದುಕೊಂಡು, ತಮ್ಮ ಬಿಳಿ ಅರಿವೆಯಲ್ಲಿ ಗಾಳಿಸಿ ತಂದಿಟ್ಟರು. ಅಲ್ಲಿಂದ ಆ ಹಕ್ಕಿಗಳು ನನ್ನ ಕೈ ಬಿಟ್ಟು ಅವರ ಪಾಲಾದವು.

ನವಣೆಯನ್ನು ಮೊರದಲ್ಲಿ ಹಾಕಿ ಹುಳ ನೋಡಿಯೇ ಬಟ್ಟಲು ತುಂಬುತ್ತಿದ್ದರು. ಕೊತ್ತಂಬರಿ ಸೊಪ್ಪನ್ನು ತೊಳೆದು ದಂಟಿನ ಸಮೇತ ಸಿಕ್ಕಿಸುತ್ತಿದ್ದರು. ಗಜ್ಜರಿ ತುರಿದು ಹಾಕಿದರೆ ಬಣ್ಣ ಏರುತ್ತದೆ ಎಂದು ಒಬ್ಬ ಗಿರಾಕಿ ಹೇಳಿದಳು. "ನೆಲದಾಗಿಂದು ನಮ್ಮ ಮನ್ಯಾಗ ಯಾರೂ ತಿನ್ನಂಗಿಲ್ಲವಾ, ಇವೂ ತಿನ್ನಂಗಿಲ್ಲ," ಅಂದರು ಅತ್ತೆ. ಹಗಲು ಅಂಗಡಿಯಲ್ಲಿದ್ದ ಪಂಜರ ಸಂಜೆಗೆ ಮೇಲೆ ಮನೆಗೆ ಹೋಗುತ್ತಿತ್ತು. ಸಂಜೆಯಾದ ಮೇಲೆ ಹಕ್ಕಿಗಳು ಕಾಳು ಮುಟ್ಟುವುದಿಲ್ಲ ಎಂದು ಗೊತ್ತಾದ ದಿನ ಅವರ ಸಂಭ್ರಮ ನೋಡಬೇಕಿತ್ತು. ನನ್ನನ್ನು ಅಂಗಡಿಯಿಂದ ಕೂಗಿ ಕರೆಸಿದರು.

"ನೋಡ ಬೇ, ಕತ್ತಲಾತು, ಬಾಯಿ ಮುಚ್ಚಿ ಕುಂತಾವ. ನಿನಗಿಂತ ಇವು ಪಾಡ."

ಹೆಣ್ಣು ಜೋರಿನದು. ಬೇಕಾದ ಕೋಲಿನ ಮೇಲೆ ಗಂಡು ಕುಳಿತಿದ್ದರೆ ಕೊಕ್ಕಿನಿಂದ ತಿವಿದು ಎಬ್ಬಿಸುತ್ತಿತ್ತು. ಅವನು ಸಿಟ್ಟಾಗುತ್ತಿರಲಿಲ್ಲ. ಸ್ವಲ್ಪ ಆಚೆ ಸರಿದು, ತಲೆಯನ್ನು ಮೇಲೆ ಕೆಳಗೆ ಆಡಿಸಿ ಗುಣುಗುಟ್ಟಿ, ತಾನು ತಿಂದ ಕಾಳನ್ನೇ ಗಂಟಲಿನಿಂದ ತೆಗೆದು ಅವಳ ಬಾಯಿಗೆ ಕೊಡುತ್ತಿದ್ದ. "ಗಂಡ ಅಂದ್ರ ಇಂವ ನೋಡ," ಅನ್ನುತ್ತಿದ್ದರು ಅತ್ತೆ, ಅಲ್ಲೇ ಪೇಪರು ಓದುತ್ತ ಕುಳಿತ ತಮ್ಮ ಮಗನಿಗೆ ಕೇಳಲೆಂದೇ. ನನ್ನ ಗಂಡ ಪೇಪರನ್ನು ಇನ್ನಷ್ಟು ಮೇಲಕ್ಕೆ ಹಿಡಿಯುತ್ತಿದ್ದರು.

ಭಾದ್ರಪದ ಬಂತು. ನಮಗೆ ಅದು ದಶಲಕ್ಷಣ ಪರ್ವ. ಅತ್ತೆಗೆ ಆ ದಿನಗಳೆಲ್ಲ ಒಂದೊತ್ತಿನ ಊಟ, ಅದೂ ಪೂಜೆ ಮುಗಿದ ಮೇಲೆ, ನೀರೂ ಆಗಲೇ. ಪರ್ವದ ಕೊನೆಯ ದಿನಗಳಿಗೆ ಅವರು ತವರೂರು ಪಾರಿಶ್ವಾಡಕ್ಕೆ, ತಮ್ಮನ ಮನೆಗೆ, ಹೋಗುವ ರೂಢಿ. ಜೊತೆಗೆ ನಾನು. ಆ ವರ್ಷ ಪಂಜರವೂ ಬಂತು. "ನಿನ್ನ ಗಂಡ ನೀರ ಗಾಳಿಸತಾನಂತ ನಂಬಿ ಇಟ್ಟ ಹೋಗಲೇನ?" ಅಂದರು.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಕಂಡಕ್ಟರು ಪಂಜರವನ್ನು ನೋಡಿ, ಹಕ್ಕಿಗಳಿಗೆ ಆಗತೈತಿ ಅಂದ.

"ಸೀಟ್ ಮ್ಯಾಲ ಕುಂತಾವೇನ್ರಿ? ನನ್ನ ತೊಡೀ ಮ್ಯಾಲ ಅದಾವ," ಅಂದೆ ನಾನು.

"ಜೀವ ಐತ್ಯೋ ಇಲ್ಲೋ ಹೇಳ್ರಿ ಅಕ್ಕಾರ."

"ಐತಿ, ಐತಿ," ಅಂದರು ಅತ್ತೆ, ನನ್ನ ಮೊಣಕೈ ತಿವಿಯುತ್ತ. "ಜೀವ ಇಲ್ಲಂತ ಬಾಯಾಗ ತರಬ್ಯಾಡ. ಕೊಡ ರೊಕ್ಕ." ಖಾನಾಪುರ ಬರುವವರೆಗೂ ನಾನು ಮುಖ ಊದಿಸಿಕೊಂಡು ಕುಳಿತಿದ್ದೆ.

ಪಾರಿಶ್ವಾಡದ ಮನೆಯಲ್ಲಿ ಇರುವುದು ಇಬ್ಬರೇ: ಅತ್ತೆಯ ತಮ್ಮ, ಅಂದರೆ ನಮಗೆ ಮಾಮಾ, ಮತ್ತು ಮಾಮಿ. ಹಿತ್ತಿಲಲ್ಲಿ ಬೇವಿನ ಮರ, ಅದರಾಚೆ ಕಬ್ಬಿನ ಹೊಲ. ಮೊದಲ ಸಂಜೆ ಬಸದಿಯಲ್ಲಿ ಪ್ರವಚನ ಮುಗಿಸಿ ಬಂದು ಹೆಂಗಸರೆಲ್ಲ ಪಡಸಾಲೆಯಲ್ಲಿ ಕುಳಿತಿದ್ದರು. ಅವತ್ತು ಹೇಳಿದ್ದು ಅಭಯದಾನದ ವಿಷಯ; ಹೆದರಿದ ಜೀವಕ್ಕೆ ಹೆದರಿಕೆ ಇಲ್ಲದಂತೆ ಮಾಡುವುದೇ ದೊಡ್ಡ ದಾನ ಎಂದು. ಮಾಮಿಗೆ ಬಾಯಿ ಚುರುಕು.

"ಅಕ್ಕಾ, ಒಂದೊತ್ತ ಮಾಡತೀರಿ, ಪಂಜರ ಬಾಜೂಕ ಇಟಗೊಂಡ ಜಪಾ ಮಾಡತೀರಿ. ಎರಡೂ ಹೆಂಗ ಕೂಡತಾವ್ರಿ?" ಅಂದುಬಿಟ್ಟರು.

ನಾಲ್ಕು ಮಂದಿ ನಕ್ಕರು. ಅತ್ತೆ ನಗಲಿಲ್ಲ, ಪಂಜರದ ಕೊಂಡಿಯನ್ನೇ ನೋಡುತ್ತ ಜಪಮಣಿ ಎಣಿಸತೊಡಗಿದರು. ಅವರು ಹಾಗೆ ಎಣಿಸತೊಡಗಿದರೆ ಏನೋ ತೀರ್ಮಾನವಾಗಿದೆ ಎಂದೇ ಅರ್ಥ.

ಮರುದಿನ ಅವರು ಪೂಜೆಗೆ ಹೋದಾಗ ನಾನು ಬ್ಲೌಸ್ ಪೀಸುಗಳ ಚೀಲ ತೆಗೆದುಕೊಂಡು ಓಣಿಗೆ ಹೋದೆ. ಹಬ್ಬದ ದಿನ ಮನೆಮನೆಯಲ್ಲೂ ಹೆಂಗಸರು ಸಿಗುತ್ತಾರೆ, ಹಕ್ಕಿಗಳ ಟಿಕೆಟ್ಟಿನ ಖರ್ಚಾದರೂ ಹುಟ್ಟಲಿ ಎಂದು. ವಾಪಸು ಬಂದರೆ ಪಂಜರ ಹಿತ್ತಿಲ ಕಟ್ಟೆಯ ಮೇಲಿದೆ. ಬಾಗಿಲು ತೆರೆದಿದೆ. ಒಳಗೆ ಹಳದಿ ಹೆಣ್ಣು ಸರಳು ಹಿಡಿದು ಜೋತಾಡುತ್ತ ಕಿರುಚುತ್ತಿದೆ. ಅತ್ತೆ ಬೇವಿನ ಮರದ ಕಡೆ ಮುಖ ಮಾಡಿ ಕೈ ಮುಗಿದು ನಿಂತಿದ್ದಾರೆ. ಮುಖದಲ್ಲಿ ಅಂಥ ಬೆಳಕನ್ನು ನಾನು ಮೊದಲು ನೋಡಿರಲಿಲ್ಲ.

"ಬಿಟ್ಟೆ ಬೇ. ಇಂವ ಹೋದ. ಅಕಿಗಿನ್ನ ಧೈರ್ಯ ಸಾಲವಲ್ಲದು."

ನಾನು ಚೀಲ ಅಲ್ಲೇ ಬಿಟ್ಟು ಮರದ ಕೆಳಗೆ ಓಡಿದೆ. "ಅತ್ತಿ, ಇವು ಪಂಜರದಾಗ ಹುಟ್ಟಿದ್ದರೀ. ಬಟ್ಟಲದಾಗ ನವಣಿ ಇರತೈತಿ ಅನ್ನೂದ ಬಿಟ್ರ ಅವಕ್ಕ ಬ್ಯಾರೆ ಏನೂ ಗೊತ್ತಿಲ್ಲ."

"ಹಕ್ಕಿಗೆ ಹಾರೂದು ಕಲಸಬೇಕೇನ?"

ಹಾರುವುದನ್ನು ಕಲಿಸಬೇಕಿಲ್ಲ, ನಿಜ. ಆದರೆ ಹಸಿರು ಮರದಲ್ಲಿ ಆ ನೀಲಿ ಬಣ್ಣ ಓಣಿಯ ತುದಿಯಿಂದಲೂ ಕಾಣುತ್ತಿತ್ತು. ಮೊದಲು ಒಂದು ಕಾಗೆ ಬಂದು ಪಕ್ಕದ ಕೊಂಬೆಯಲ್ಲಿ ಕುಳಿತು ತಲೆ ಓರೆ ಮಾಡಿ ನೋಡಿತು. ಅದು ಕೂಗಿದ್ದಕ್ಕೆ ಇನ್ನಷ್ಟು ಬಂದವು. ಒಂದು ಎರಗಿತು. ನಮ್ಮವನು ಮರದಿಂದ ಹಂಚಿನ ಮೇಲೆ, ಹಂಚಿನಿಂದ ಮರಕ್ಕೆ, ದಿಕ್ಕು ತಪ್ಪಿ ಹಾರಿದ. ಅತ್ತೆಯ ಮುಗಿದ ಕೈ ಬಿಚ್ಚಿತು. "ಹುಶ್! ಹುಶ್!" ಎನ್ನುತ್ತ ಬರಿಗಾಲಲ್ಲಿ ಹಿತ್ತಿಲ ಕೆಸರಿಗೆ ಇಳಿದರು. ಮಂಡಿನೋವಿನ ಹೆಂಗಸು, ಕೋಲಿಲ್ಲದೆ.

ಗಂಡು ಕೊನೆಗೆ ಮರದ ಒಳಕೊಂಬೆಗಳ ಸಂದಿಯಲ್ಲಿ ಅವಿತುಕೊಂಡ. ಅತ್ತೆ ಕಟ್ಟೆಯ ಮೇಲೆ ಕುಸಿದು ಕುಳಿತರು.

"ನನ್ನ ಕೈಯಾರೆ ಪಂಚೇಂದ್ರಿಯ ಜೀವ ಹೋಗತೈತಿ, ಅದೂ ಪರ್ವದಾಗ," ಅಂದರು. ಜೈನರ ಮನೆಯಲ್ಲಿ ಬೆಳೆದವರಿಗೆ ಈ ಮಾತಿನ ಭಾರ ಗೊತ್ತು. ಇರುವೆ ತುಳಿದರೂ ನಿಂತು ಕ್ಷಮೆ ಕೇಳುವವರು ಅವರು. ಕಣ್ಣು, ಕಿವಿ, ಎಲ್ಲವೂ ಇರುವ ಜೀವ ತಮ್ಮಿಂದ ಹೋಯಿತು ಎಂದಾದರೆ ಇಷ್ಟು ವರ್ಷದ ಉಪವಾಸ, ನೇಮ ಎಲ್ಲ ಅವರ ಪಾಲಿಗೆ ಅಲ್ಲಿಗೇ ಮುಗಿದ ಹಾಗೆ. ಮಾಮಿ ತಟ್ಟೆ ಬಡಿಸಿ ಕರೆದರು. "ಅದ ಉಂಡೈತೇನ?" ಅಂದರು ಅತ್ತೆ. ಅಷ್ಟೇ. ಬೆಳಿಗ್ಗೆಯಿಂದ ಹನಿ ನೀರೂ ಕುಡಿದಿರಲಿಲ್ಲ.

ನಾನು ಮೊದಲು ಮಾಡಿದ ಕೆಲಸ ಹೆಣ್ಣುಹಕ್ಕಿಯ ಪಂಜರದ ಬಾಗಿಲು ಮುಚ್ಚಲು ಕೈ ಚಾಚಿದ್ದು. ಅವಳಿದ್ದರೆ ಅವನು ಬರುತ್ತಾನೆ, ಅವಳೂ ಹೋದರೆ ಎರಡೂ ಹೋದವು. ಅತ್ತೆ ನನ್ನ ಕೈ ಹಿಡಿದರು.

"ಬಿಟ್ಟದ್ದನ್ನ ಮತ್ತ ಮುಚ್ಚೂದು? ನಾ ಬಸದ್ಯಾಗ ನಿಂತ ನೇಮ ಮಾಡೇನಿ ಬೇ, ಇವತ್ತಿನಿಂದ ನನ್ನ ಕೈಲೆ ಕೊಂಡಿ ಹಾಕಂಗಿಲ್ಲ ಅಂತ."

"ನಿಮ್ಮ ಕೈಲೆ ಹೌದಲ್ರೀ? ನಾ ಹಾಕತೇನಿ."

"ಪಾಪ ಬರತೈತಿ."

"ಬರಲಿ. ನನ್ನ ಹೆಸರಿಗೆ ಹಚ್ಚರಿ. ಮೊದಲ ಭಾಳ ಅದಾವ, ಅದರಾಗ ಇದೊಂದು."

ಅತ್ತೆ ನನ್ನ ಮುಖವನ್ನೇ ನೋಡಿದರು. "ಪಾಪದಾಗೂ ಚೌಕಾಶಿ ಮಾಡ್ತಿ," ಅಂದರು. ಕಣ್ಣು ತುಂಬಿತ್ತು, ಆದರೂ ಹಿಡಿದ ಕೈ ಸಡಿಲಿಸಿದರು. ನಾನು ಕೊಂಡಿ ಹಾಕಿದೆ.

ಪಂಜರವನ್ನು ಬೇವಿನ ಕೆಳಕೊಂಬೆಗೆ ತೂಗಿದೆ. ಅದರ ಮೇಲೆ ನವಣೆ ಚೆಲ್ಲಿ, ಪಕ್ಕದಲ್ಲಿ ಒಂದು ತೆನೆ ಕಟ್ಟಿದೆ. ಕಾಗೆಗಳನ್ನು ದೂರವಿಡಲು ಮಾಮಾನನ್ನು ಗೋಡೆಯಾಚೆ ಕೋಲು ಕೊಟ್ಟು ನಿಲ್ಲಿಸಿದೆ. ಆಮೇಲೆ ಕಾಯುವುದು. ವ್ಯಾಪಾರದಲ್ಲೂ ಅಷ್ಟೇ, ಎದ್ದು ಹೋದ ಗಿರಾಕಿಯ ಹಿಂದೆ ಓಡಬಾರದು. ಬೇಕಾದ ಸೀರೆಯನ್ನು ಎದುರಿಗೆ ಹರವಿಟ್ಟು ಬೇರೆ ಕೆಲಸ ಮಾಡುತ್ತಿರಬೇಕು. ಹೆಣ್ಣು ಕೂಗುತ್ತಿತ್ತು. ಮರದೊಳಗಿಂದ ಅವನು ಉತ್ತರ ಕೊಡುತ್ತಿದ್ದ. ಒಂದೊಂದು ಉತ್ತರಕ್ಕೂ ಅತ್ತೆ ನನ್ನ ಕಡೆ ನೋಡುತ್ತಿದ್ದರು, ನಾನು ತಲೆ ಆಡಿಸುತ್ತಿದ್ದೆ. ಮಧ್ಯೆ ಜಿಟಿಜಿಟಿ ಮಳೆ ಬಂತು. ಅವರ ತಲೆಗೆ ಸೆರಗು ಹೊದಿಸಿದೆ.

"ನೀ ಹೋಗಿ ಉಣ್ಣ ಹೋಗ."

"ಹಸಿವಿಲ್ರಿ."

"ನೀ ಹಸಿವಿಲ್ಲ ಅಂದದ್ದು ಇದ ಮೊದಲ ನೋಡ."

ಮಳೆ ನಿಂತ ಮೇಲೆ ಅವನು ಇಳಿದ. ಕೊಂಬೆಯಿಂದ ಕೊಂಬೆಗೆ ಬಂದು ಪಂಜರದ ಮೇಲೆ ಕುಳಿತ. ಅಷ್ಟರಲ್ಲಿ ಮಾಮಾ, ತಾವೇ ಹಿಡಿದು ಅಕ್ಕನ ಕೈಗೆ ಕೊಡಬೇಕೆಂಬ ಉಮೇದಿಯಲ್ಲಿ, ಹಿಂದಿನಿಂದ ಬಂದು ಹೆಗಲ ಮೇಲಿನ ವಲ್ಲಿ ವಸ್ತ್ರವನ್ನು ಅವನ ಮೇಲೆ ಎಸೆದರು. ವಲ್ಲಿ ಪಂಜರದ ಮೇಲೆ ಬಿತ್ತು. ಹಕ್ಕಿ ಮರದ ತುದಿಗೆ ಹೋಯಿತು.

"ನಿನಗ ಯಾರ ಹೇಳಿದ್ದರೋ!" ಎಂದು ಅತ್ತೆ ಸಣ್ಣ ಹುಡುಗನನ್ನು ಬೈದಂತೆ ಬೈದರು. ಮಾಮಿ ಒಳಗಿನಿಂದ, "ಎಮ್ಮೀ ಹಿಡದಂಗ ಹಿಡ್ಯಾಕ ಹೋಗ್ಯಾರ," ಅಂದರು. ಮಾಮಾ ವಲ್ಲಿ ಕೊಡವಿಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಕುಳಿತವರು ಹೊರಗೆ ಬರಲೇ ಇಲ್ಲ.

ಬೆಳಕು ಇಳಿಯತೊಡಗಿತು. ಮಾಮಿ ಈ ಸಲ ತಟ್ಟೆಯನ್ನೇ ಹಿತ್ತಿಲಿಗೆ ತಂದರು. ಅವರ ದನಿಯಲ್ಲಿ ಮೊದಲಿನ ಚುರುಕು ಇರಲಿಲ್ಲ. "ಅಕ್ಕಾ, ನಾ ಸುಮ್ನ ಅಂದ್ನಿರಿ. ಇನ್ನೂ ಹೊತ್ತ ಮುಳುಗಿಲ್ಲ. ಎರಡ ತುತ್ತ ಉಣ್ರಿ." ಅತ್ತೆ ಮರದಿಂದ ಕಣ್ಣು ತೆಗೆಯಲಿಲ್ಲ. ಕತ್ತಲಾದರೆ ಹಕ್ಕಿ ಕೂತಲ್ಲೇ ಕೂಡುತ್ತದೆ. ಗೂಗೆಯೋ ಬೆಕ್ಕೋ ಅದನ್ನು ಬಿಡುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ. ಹೆಣ್ಣು ಕೂಗಿ ಕೂಗಿ ಸುಮ್ಮನಾಗಿತ್ತು. ನಾನು ಪಂಜರದ ಬಳಿ ಹೋಗಿ ಬಟ್ಟಲನ್ನು ಸರಳಿಗೆ ತಾಗಿಸಿ ಸದ್ದು ಮಾಡಿದೆ. ಹೆಣ್ಣು ಕಾಳು ಒಡೆಯತೊಡಗಿತು. ಕಾಳಿನ ಆ ಚಟಚಟ ಕೇಳಿಯೋ, ಹಸಿವೆಗೋ, ಅವನು ಒಂದೇ ಸಲ ಇಳಿದು ಬಂದು ಪಂಜರದ ಬಾಗಿಲಿಗೇ ಅಂಟಿಕೊಂಡ.

ಅವನು ಒಳಗೆ ಹೋಗಬೇಕಾದರೆ ಬಾಗಿಲು ತೆರೆಯಬೇಕು. ತೆರೆದರೆ ಅವಳು ಹೊರಗೆ ಬರಬಹುದು. ನಾನು ಪಂಜರದ ಹಿಂದಿದ್ದೆ, ಬಾಗಿಲು ಅತ್ತೆಯ ಕಡೆಗಿತ್ತು. ನಾನು ಸುತ್ತಿ ಬಂದರೆ ಹಾರುತ್ತಾನೆ. ಅತ್ತೆ ಎದ್ದರು. ಎರಡೂ ಕೈಗಳನ್ನು ನಿಧಾನಕ್ಕೆ ಎತ್ತಿ, ಒಂದರಿಂದ ಕೊಂಡಿ ಸರಿಸಿ ಬಾಗಿಲನ್ನು ಅವನ ಸಮೇತ ಹೊರಕ್ಕೆ ಎಳೆದು, ಇನ್ನೊಂದನ್ನು ಸಂದಿಗೆ ಅಡ್ಡ ಹಿಡಿದರು. ಹೆಣ್ಣು ಅಂಗೈಗೆ ಕಚ್ಚಿತು, ಅವರು ಕೈ ಕೀಳಲಿಲ್ಲ. ಗಂಡು ಬಾಗಿಲ ಅಂಚು ಹತ್ತಿ, ತಲೆಯನ್ನು ಮೇಲೆ ಕೆಳಗೆ ಆಡಿಸಿ, ಅವರ ಮಣಿಕಟ್ಟಿನ ಮೇಲೆ ನಡೆದುಕೊಂಡೇ ಒಳಗೆ ಹೋದ. ಅತ್ತೆ ಬಾಗಿಲು ಮುಚ್ಚಿದರು. ಕೊಂಡಿಯನ್ನು ತಾವೇ ಹಾಕಿದರು.

"ಅತ್ತಿ, ನಿಮ್ಮ ನೇಮ," ಅಂದೆ.

"ಸುಮ್ನಿರ," ಅಂದರು. "ನಿನ್ನ ಹೆಸರಿಗೆ ಎಷ್ಟಂತ ಹಚ್ಚಲಿ."

ಅಷ್ಟು ಹೊತ್ತಿಗೆ ಸೂರ್ಯ ಮುಳುಗಿಬಿಟ್ಟಿದ್ದ. ಅಲ್ಲಿಗೆ ಊಟದ ಮಾತು ಮುಗಿಯಿತು. ಮರುದಿನದ ಪೂಜೆಯವರೆಗೆ ನೀರೂ ಇಲ್ಲ. ಮಾಮಿ ನನಗೆ ಬಡಿಸಲು ಬಂದರು, ಬೇಡ ಅಂದೆ. ಧರ್ಮಕ್ಕೆ ಅಂತಲ್ಲ, ಆ ಮುದುಕಿಯ ಎದುರಿಗೆ ಕುಳಿತು ರೊಟ್ಟಿ ಮುರಿಯಲು ಮನಸ್ಸಾಗಲಿಲ್ಲ. ಪಂಜರವನ್ನು ನಡುವೆ ಇಟ್ಟುಕೊಂಡು ಇಬ್ಬರೂ ಪಡಸಾಲೆಯಲ್ಲಿ ಮಲಗಿದೆವು. ಅವರ ಅಂಗೈಗೆ ನಾನು ಅರಿಶಿನ ಹಚ್ಚಿದೆ.

ನೇಮ ಮುರಿದದ್ದಕ್ಕೆ ಅತ್ತೆ ಇನ್ನೊಂದು ಉಪವಾಸ ಸೇರಿಸಿಕೊಂಡರು. ಊರಿನ ಹೆಂಗಸರು ಕೇಳಿದರೆ ಅವರೇ ಹೇಳುತ್ತಿದ್ದರು: "ನಾ ಬಿಟ್ಟದ್ದು ದಾನ ಆಗಲಿಲ್ಲವಾ. ಕಾಗೀ ಕೈಯಾಗ ಕೊಟ್ಟಂಗ ಆತು. ಅಂಜಿಕಿ ತಗೀತೇನಿ ಅಂತ ಹೋಗಿ ಅಂಜಿಕಿ ಹಾಕಿದ್ನಿ."

ಬೆಳಗಾವಿಗೆ ಬಂದ ಮೇಲೆ ಅವರ ಮಾತಿನಂತೆ ಮೇಲಿನ ಹಿಂಬದಿ ಕೋಣೆಯ ಕಿಟಕಿಗಳಿಗೆ ತಂತಿಯ ಜಾಳಿಗೆ ಹೊಡೆಸಿದೆ. ಹಗಲೆಲ್ಲ ಪಂಜರದ ಬಾಗಿಲು ತೆರೆದೇ ಇರುತ್ತದೆ. ಹಕ್ಕಿಗಳು ಬಟ್ಟೆ ಒಣಗಿಸುವ ಹಗ್ಗದ ಮೇಲೆ, ಫೋಟೋಗಳ ಮೇಲೆ, ಅತ್ತೆಯ ತಲೆಯ ಮೇಲೆ. ಹೊತ್ತು ಇಳಿದರೆ ತಾವೇ ಒಳಗೆ ಹೋಗಿ ಒಂದಕ್ಕೊಂದು ಒತ್ತಿಕೊಂಡು ಕೂಡುತ್ತವೆ. ಅಂಗಡಿಯಲ್ಲಿ ಈಗ ಮಕ್ಕಳಿಗೆ ನೋಡಲು ಏನೂ ಇಲ್ಲ, ಗಿರಾಕಿಗಳು ಬೇಗ ಏಳುತ್ತಾರೆ. ಏಳಲಿ.

ನೀವು ತರುವುದಾದರೆ ಜೋಡಿಯನ್ನೇ ತನ್ನಿ, ಕೊಕ್ಕಿನ ಮೇಲಿನ ಬಣ್ಣ ನೋಡಿ ತನ್ನಿ. ಹಕ್ಕಿಯ ಬೆಲೆಯಲ್ಲಿ ಜಗ್ಗಾಡಿ, ಪಂಜರದ ಗಟ್ಟಿತನದಲ್ಲಿ ಜಗ್ಗಾಡಬೇಡಿ. ಅಗಲವಾದದ್ದನ್ನು ಕೊಳ್ಳಿ, ಎತ್ತರದ್ದು ಬೇಡ. ಅವು ಅಡ್ಡಡ್ಡ ಹಾರುವ ಹಕ್ಕಿಗಳು. ಬಣ್ಣದ ಪ್ಯಾಕೆಟ್ಟಿನ ಕಾಳಿಗೆ ದುಡ್ಡು ಸುರಿಯಬೇಡಿ, ಸಂತೆಯ ನವಣೆ ಚೆನ್ನಾಗಿ ತಿನ್ನುತ್ತವೆ. ಜೊತೆಗೆ ದಿನಾ ಸ್ವಲ್ಪ ಹಸಿ ಸೊಪ್ಪು ಇರಲಿ. ಅಡುಗೆಮನೆಯ ಹೊಗೆಯಿಂದ ದೂರವಿಡಿ. ಕರುಣೆ ಬಂದು ಬಿಟ್ಟುಬಿಡೋಣ ಅನ್ನಿಸಿದರೆ, ಕಿಟಕಿಗೆ ಜಾಳಿಗೆ ಹೊಡೆಸಿ ಕೋಣೆಯಲ್ಲಿ ಬಿಡಿ, ಆಕಾಶಕ್ಕೆ ಬಿಡಬೇಡಿ. ಕೈ ತಪ್ಪಿ ಒಂದು ಹೋದರೆ ಬೆನ್ನಟ್ಟಬೇಡಿ. ಉಳಿದದ್ದನ್ನು ಪಂಜರದ ಸಮೇತ ಹೊರಗೆ, ಮರದ ಕೆಳಗೆ ತೂಗಿ, ಕಾಳಿನ ಸದ್ದು ಮಾಡುತ್ತ ಕಾಯಿರಿ. ಬಟ್ಟೆ ಎಸೆಯುವವರನ್ನು ದೂರ ಕೂಡಿಸಿ. ಮನೆಯಲ್ಲಿ ಹಿರಿಯರಿದ್ದರೆ, ಹಕ್ಕಿ ಹುಡುಕಲು ಹೊರಡುವ ಮುನ್ನ ಅವರಿಗೆ ಊಟ ಹಾಕಿ. ಬೇಡ ಅನ್ನುತ್ತಾರೆ. ಆಗ ತಟ್ಟೆಯನ್ನು ಒಳಗೆ ಒಯ್ದಿಟ್ಟು, ಅವರ ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿ.